ಎರಡನೆಯ ಸಲ ಯಾರೂ ಕೇಳಲಿಲ್ಲ

ಫೆಬ್ರವರಿಯ ಚಳಿಯಲ್ಲಿ ಒಬ್ಬ ಮನುಷ್ಯ ಕಾಫಿಯ ದೊಡ್ಡ ಫ್ಲಾಸ್ಕನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಶಾಲೆಯ ಅಂಗಳ ದಾಟಿ, ಮಕ್ಕಳ ಸೈಕಲ್ ಶೆಡ್ಡಿನ ಕಡೆಗೆ ಹೋಗುತ್ತಿದ್ದ. ಮಗ ಅನಿರುದ್ಧ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಬಂದಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಈ ಊರಿನಲ್ಲಿ ಸೈಕಲ್ಲುಗಳಿಗೂ ಕಾಫಿ ಕೊಡುತ್ತಾರೆಯೇ? ಅಷ್ಟರಲ್ಲಿ ಆತ ತನ್ನಷ್ಟಕ್ಕೆ ತಾನೇ, "ಬಿಸಿ ಐತಿ, ಭಾಳ ಬಿಸಿ ಐತಿ" ಎಂದು ಗೊಣಗಿದ್ದು ಕೇಳಿಸಿತು. ಆಮರ್ಸ್‌ಫೋರ್ಟಿನ ಡಚ್ ಶಾಲೆಯ ಅಂಗಳದಲ್ಲಿ ಬಾಗಲಕೋಟೆ ಕಡೆಯ ಕನ್ನಡ ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ. ಮೊದಲೇ ಇನ್ನೊಬ್ಬರ ವಿಷಯ ಪೂರ್ತಿ ತಿಳಿಯದಿದ್ದರೆ ಊಟ ಸೇರದ ಜೀವ ನನ್ನದು. ಅವರ ಹಿಂದೆಯೇ ಹೋದೆ.

ಹೀಗೆ ಪರಿಚಯವಾದವರು ಸಿದ್ಧಾರೂಢ ಮೇಷ್ಟ್ರು. ಎಂಟೊಂಬತ್ತು ವರ್ಷದ ಮಕ್ಕಳ ತರಗತಿ ಅವರದು. ಮಕ್ಕಳು 'ಮೇಸ್ಟರ್ ಸಿದ್' ಅನ್ನುತ್ತಿದ್ದರು, ದೊಡ್ಡವರು ಬರೀ 'ಸಿದ್'. ಫ್ಲಾಸ್ಕಿನ ಕಥೆ ಕೇಳಿದಾಗ ಅವರು ಸ್ವಲ್ಪ ನಾಚಿಕೊಂಡೇ ಹೇಳಿದರು. ಊಟದ ವಿರಾಮದಲ್ಲಿ ಆ ಶೆಡ್ಡಿನ ಹಿಂದೆ ಹುಡುಗರ ಜಗಳ ವಿಪರೀತವಾಗಿತ್ತಂತೆ. ಅಂಗಳ ನೋಡಿಕೊಳ್ಳುವ ಸರದಿ ಇದ್ದ ಟೀಚರುಗಳೆಲ್ಲ ಬಾಗಿಲ ಹತ್ತಿರ, ಕಾಫಿಯ ಮೇಜಿನ ಪಕ್ಕ, ಹರಟುತ್ತ ನಿಲ್ಲುತ್ತಿದ್ದರು. ಅದರ ಬಗ್ಗೆ ಮೀಟಿಂಗುಗಳಾದವು, ನಿಯಮ ಬರೆದರು, ಬೋರ್ಡು ಹಾಕಿದರು. ಒಬ್ಬರೂ ಅಲುಗಾಡಲಿಲ್ಲ. ಇವರು ಯಾರಿಗೂ ಏನೂ ಹೇಳದೆ ಕಾಫಿಯ ಫ್ಲಾಸ್ಕನ್ನು ಶೆಡ್ಡಿಗೆ ಒಯ್ದು ಇಟ್ಟರು. ಟೀಚರುಗಳು ಕಾಫಿಯ ಹಿಂದೆ ಹೋದರು, ಜಗಳ ನಿಂತಿತು.

"ಮಂದೀನ ದಬ್ಬಬಾರದ್ರಿ ಅಕ್ಕಾರ, ಕಾಫಿ ಸರಿಸಬೇಕು" ಅಂದರು.

ನಾನು ಇಲ್ಲಿನ ಒಂದು ದೊಡ್ಡ ಕಚೇರಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಾಯಕತ್ವದ ತರಬೇತಿ ಅಂತ ವರ್ಷಕ್ಕೊಂದು ಸಲ ನಮ್ಮನ್ನು ಕಾಡಿನ ನಡುವಿನ ಹೋಟೆಲ್ಲಿಗೆ ಸಾಗಿಸಿ, ಬಣ್ಣಬಣ್ಣದ ಚೀಟಿ ಅಂಟಿಸಲು ಹೇಳಿ, ತಲೆ ಚಿಟ್ಟು ಹಿಡಿಸಿ ವಾಪಸು ಕಳಿಸುತ್ತಾರೆ. ಅಷ್ಟೂ ತರಬೇತಿಯಲ್ಲಿ ಇಷ್ಟು ಸಲೀಸಾದ ಮಾತನ್ನು ಒಬ್ಬನೂ ಹೇಳಿರಲಿಲ್ಲ. ಈ ಮನುಷ್ಯ ಯಾರು, ಎಲ್ಲಿಂದ ಬಂದ, ಪೂರ್ತಿ ತಿಳಿಯಲೇಬೇಕು ಅನ್ನಿಸಿತು.

ಮುಧೋಳದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಸಿದ್ಧಾರೂಢ ವಿಜ್ಞಾನದ ಮೇಷ್ಟ್ರಾಗಿದ್ದರು. ಹೆಡ್‌ಮಾಸ್ತರರ ನಿವೃತ್ತಿ ಹತ್ತಿರ ಬಂದಿತ್ತು, ಮುಂದಿನ ಹೆಡ್‌ಮಾಸ್ತರು ಇವರೇ ಎಂದು ಆಡಳಿತ ಮಂಡಳಿಯವರೇ ಹೇಳುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಸ್ವಪ್ನಾಗೆ ಇಲ್ಲಿ ನೀರಾವರಿ ಎಂಜಿನಿಯರ್ ಕೆಲಸ ಸಿಕ್ಕಿತು. ಆಕೆಯ ಓದು, ಆಕೆಯ ಶ್ರಮ. ಬಿಡು ಅನ್ನಲು ಇವರಿಗೆ ಮನಸ್ಸು ಬರಲಿಲ್ಲ. ರಾಜೀನಾಮೆ ಕೊಟ್ಟು ಬಂದರು. ಊರಿನಲ್ಲಿ 'ಹೇಣ್ತಿ ಹಿಂದ ಹೋದ' ಅಂದರು. ಆ ಮಾತಿನಿಂದ ಅವರಿಗೆ ನೋವಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಈ ಶಾಲೆಯಲ್ಲೇ ಮಕ್ಕಳ ಊಟದ ಹೊತ್ತಿಗೆ ಸ್ವಯಂಸೇವಕರಾಗಿ ಕೂರುತ್ತಿದ್ದರಂತೆ. ಬ್ರೆಡ್ಡಿನ ಅಂಚು ತಿನ್ನದ ಮಕ್ಕಳನ್ನು ಒಪ್ಪಿಸುತ್ತ ಒಪ್ಪಿಸುತ್ತಲೇ ಡಚ್ ಕಲಿತರು. ಆಮೇಲೆ ತರಗತಿಯ ಸಹಾಯಕ, ಆಮೇಲೆ ಬೇರೆ ಉದ್ಯೋಗದಿಂದ ಬಂದವರಿಗಾಗಿ ಇರುವ ಶಿಕ್ಷಕ ತರಬೇತಿ, ಆಮೇಲೆ ಸ್ವಂತ ತರಗತಿ. ನಾನು ಕಂಡಾಗ ನಲವತ್ತು ದಾಟಿದ್ದರು. ಶಾಲಾ ಆಡಳಿತದ ಕೋರ್ಸಿಗೂ ಸೇರಿಕೊಂಡಿದ್ದರು.

ಆ ಕೋರ್ಸಿನ ಪುಸ್ತಕಗಳು ನಮ್ಮಿಬ್ಬರ ಹರಟೆಗೆ ಒಳ್ಳೆಯ ಗ್ರಾಸವಾದವು. ಶನಿವಾರ ಅವರ ಮನೆಯಲ್ಲಿ ಸ್ವಪ್ನಾ ಚಹಾ ಮಾಡಿದರೆ ಇವರು ಸಿದ್ಧಾಂತ ಬಿಚ್ಚುತ್ತಿದ್ದರು. ಸಂಸ್ಥೆಯೆಂದರೆ ಯಂತ್ರ ಅನ್ನುವವನೊಬ್ಬ, ಇಲ್ಲ, ಗಿಡ ಅನ್ನುವವನೊಬ್ಬ. ಕೆಲಸ ಹಂಚಿದರೆ ಸಾಲದು, ಅಧಿಕಾರ ಹಂಚಬೇಕು ಅನ್ನುವವನು ಮತ್ತೊಬ್ಬ. ಇವರು ಪ್ರತಿಯೊಂದನ್ನೂ ಮುಧೋಳದ ಶಾಲೆಗೆ ಒಯ್ದು ತಾಳೆ ನೋಡುವರು. ಅಲ್ಲಿ ಹೆಡ್‌ಮಾಸ್ತರು ವರಾಂಡದಲ್ಲಿ ಕಾಣಿಸಿದರೆ ಇಡೀ ಶಾಲೆ ತಣ್ಣಗಾಗುತ್ತಿತ್ತು. ಮೀಟಿಂಗಿನಲ್ಲಿ ಎಲ್ಲರೂ ಹೂಂ ಅನ್ನುವುದು, ಹೊರಗೆ ಬಂದ ಮೇಲೆ ತಮಗೆ ತೋಚಿದ್ದು ಮಾಡುವುದು. ಇಲ್ಲಿಯದು ಪೂರಾ ಉಲ್ಟಾ. ಮೀಟಿಂಗಿನಲ್ಲಿ, ಇಲ್ಲಿ ಹೆಡ್‌ಮಾಸ್ತರರ ಜಾಗದಲ್ಲಿರುವ ನಿರ್ದೇಶಕಿಯ ಮುಖಕ್ಕೆ ಮುಖ ಕೊಟ್ಟು 'ನನಗೆ ಒಪ್ಪಿಗೆಯಿಲ್ಲ' ಅನ್ನುತ್ತಾರೆ, ಜಗ್ಗಾಡುತ್ತಾರೆ, ತಲೆನೋವು ಬರಿಸುತ್ತಾರೆ. ಆದರೆ ಒಮ್ಮೆ ಸರಿ ಅಂದರೆ ಮುಗಿಯಿತು, ಹಾಗೆಯೇ ನಡೆಯುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ನಾನು ಕೆಣಕಿದರೆ ಅವರು ಪಕ್ಷ ವಹಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಬೇರೆಯೇ ಇತ್ತು.

"ಒಂದಲ್ಲ ಒಂದು ದಿನ ಸಾಲಿ ನಡಸಬೇಕ್ರಿ ಅಕ್ಕಾರ. ಅದೊಂದು ಆಸೆ ಉಳದೈತಿ" ಎಂದು ಒಂದು ಶನಿವಾರ ಹೇಳಿದರು. ಹೇಳಿ, ಹೇಳಬಾರದ್ದು ಹೇಳಿದವರ ಹಾಗೆ ಚಹಾದ ಕಪ್ಪು ತೊಳೆಯಲು ಎದ್ದುಹೋದರು.

ಅವಕಾಶ ಮರುವರ್ಷದ ಶರತ್ಕಾಲದಲ್ಲಿ ಬಂತು. ನಿರ್ದೇಶಕಿ ಕಾರಿನ್‌ಗೆ ಇನ್ನೊಂದು ಶಾಲೆಯ ಜವಾಬ್ದಾರಿಯೂ ಬಿತ್ತು. ನಮ್ಮ ಶಾಲೆಗೆ ದಿನನಿತ್ಯದ ಮುಖ್ಯಸ್ಥರೊಬ್ಬರು ಬೇಕು, ಅವರನ್ನು ಶಾಲೆಯವರೇ ಆರಿಸಲಿ ಎಂದು ಮೇಲಿನ ಮಂಡಳಿ ಹೇಳಿತು. ಆ ಹೊತ್ತಿಗೆ ನಾನು ಪೋಷಕರ ಪ್ರತಿನಿಧಿಯಾಗಿದ್ದೆ. ಯಾಕಾದೆ ಅಂತ ಕೇಳಬೇಡಿ, ಮೂಗು ತೂರಿಸುವವರಿಗೆ ಈ ದೇಶದಲ್ಲಿ ಕಾನೂನೇ ಒಂದು ಕುರ್ಚಿ ಕೊಟ್ಟಿದೆ. ಆದ್ದರಿಂದ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಈ ಶಾಲೆಯಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇಲ್ಲ. ಎಲ್ಲರೂ ವೃತ್ತವಾಗಿ ಕೂರುತ್ತಾರೆ. ಪ್ರತಿಯೊಬ್ಬರೂ ಸರದಿಯಂತೆ, ಎಲ್ಲರ ಎದುರಿಗೇ, ಯಾರು ಮುಖ್ಯಸ್ಥರಾಗಬೇಕು, ಏಕೆ ಎಂದು ಹೇಳಬೇಕು. ಮುಚ್ಚುಮರೆ ಏನೂ ಇಲ್ಲ. ತನ್ನ ಹೆಸರನ್ನು ತಾನೇ ಹೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಎರಡನೆಯ ಸುತ್ತಿನಲ್ಲಿ ಮನಸ್ಸು ಬದಲಾಯಿಸಬಹುದು. ಆಮೇಲೆ ಸಭೆ ನಡೆಸುವವರು ಒಂದು ಹೆಸರು ಮುಂದಿಟ್ಟು, ಕಾರಣಸಹಿತ ಆಕ್ಷೇಪ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಯಾರ ಹೆಸರೋ ಅವರನ್ನು ಕಟ್ಟಕಡೆಗೆ. ಒಂದೇ ಒಂದು ಆಕ್ಷೇಪ ಉಳಿದರೂ ಮುಂದೆ ಹೋಗುವಂತಿಲ್ಲ. ಮೊದಲ ಸಲ ಇದನ್ನು ಓದಿದಾಗ ಇವರು ಮಕ್ಕಳಾಟ ಆಡುತ್ತಿದ್ದಾರೆ ಅಂದುಕೊಂಡಿದ್ದೆ. ಸಿದ್ಧಾರೂಢ ಮಾತ್ರ ಅದರ ಬಗ್ಗೆ ಕೋರ್ಸಿನಲ್ಲಿ ಪ್ರಬಂಧವನ್ನೇ ಬರೆದಿದ್ದರು.

ಬುಧವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಸಭಾಂಗಣದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಮೊದಲ ಸರದಿ ಯೋರಿಸ್‌ನದು. ವ್ಯಾಯಾಮ ಕಲಿಸುವ ಹುಡುಗ, ಮೂವತ್ತರ ಒಳಗಿನವನು, ತಲೆಯಲ್ಲಿ ಬಂದದ್ದು ನೇರ ಬಾಯಿಗೆ. ಸಿದ್ ಆಗಬೇಕು ಅಂದ. ಕಾರಣವೇನೆಂದರೆ ಸಿದ್ ಕಾಫಿ ಸರಿಸಿದ. ಎಲ್ಲರೂ ನಕ್ಕರು, ಆದರೆ ಮುಂದೆ ಬಂದವರಲ್ಲಿ ಹೆಚ್ಚಿನವರು ಅದೇ ಹೆಸರು ಹೇಳಿದರು. ಒಬ್ಬಳು, ನಾನು ತರಗತಿಯಲ್ಲಿ ಸೋತಾಗ ಸಿದ್ ಉಪದೇಶ ಮಾಡಲಿಲ್ಲ, ಆ ಮಕ್ಕಳನ್ನು ಒಂದು ಗಂಟೆ ತನ್ನ ತರಗತಿಗೆ ಕರೆದುಕೊಂಡು ಹೋದ ಅಂದಳು. ಸಿದ್ಧಾರೂಢರ ಸರದಿ ಬಂದಾಗ ಅವರು ಹನ್ನೆಕೆಯ ಹೆಸರು ಹೇಳಿದರು. ಹನ್ನೆಕೆ ಶಾಲೆಯ ಅತಿ ಹಿರಿಯ ಟೀಚರು, ನಿವೃತ್ತಿಗೆ ಕೆಲವೇ ವರ್ಷ ಉಳಿದವಳು. ಹಿರಿಯರ ಹೆಸರು ಹೇಳುವುದು ಮರ್ಯಾದೆ, ಸರಿ ಅಂದುಕೊಂಡೆ. ಎರಡನೆಯ ಸುತ್ತಿನಲ್ಲಿ ಉಳಿದವರೂ ಸಿದ್ ಕಡೆಗೆ ಬಂದರು, ಹನ್ನೆಕೆ ಕೂಡ. ಕಾರಿನ್ ಸಿದ್ ಹೆಸರನ್ನು ಮುಂದಿಟ್ಟಳು. ಆಕ್ಷೇಪ? ಇಲ್ಲ. ಆಕ್ಷೇಪ? ಇಲ್ಲ. ನನ್ನ ಸರದಿ ಬಂದಾಗ ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಅಂದೆ.

ಕಡೆಗೆ ಸಿದ್ಧಾರೂಢರನ್ನು ಕೇಳಿದರು. ಅವರು ಎದೆಯ ಮೇಲೆ ಕೈ ಇಟ್ಟುಕೊಂಡು, ತಲೆ ತಗ್ಗಿಸಿ, ಮುಗುಳ್ನಗುತ್ತ, ನಿಮ್ಮೆಲ್ಲರ ವಿಶ್ವಾಸ ದೊಡ್ಡದು, ಆದರೆ ನಾನಿನ್ನೂ ಹೊಸಬ, ಅಷ್ಟು ಅನುಭವವಿಲ್ಲ, ನನಗಿಂತ ಹನ್ನೆಕೆ ಎಷ್ಟೋ ಉತ್ತಮ ಅಂದರು.

ನನಗೆ ತಕ್ಷಣ ಅರ್ಥವಾಯಿತು. ಕನ್ನಡದವರು ಯಾರಿದ್ದರೂ ಅರ್ಥವಾಗುತ್ತಿತ್ತು. ಇದು ಮೊದಲನೆಯ 'ಬೇಡ'. ದೊಡ್ಡ ಸ್ಥಾನ ಕೊಡಲು ಬಂದವರಿಗೆ ಮೊದಲ ಸಲಕ್ಕೇ ಆಗಲಿ ಎಂದು ಕೈಚಾಚುವ ಮನುಷ್ಯನನ್ನು ನಮ್ಮಲ್ಲಿ ಯಾರೂ ಮೆಚ್ಚುವುದಿಲ್ಲ. ಛೇ, ನನ್ನಿಂದ ಎಲ್ಲಿ ಆಗುತ್ತದೆ ಅನ್ನಬೇಕು. ಅವರು, ನೀವೇ ಆಗಬೇಕು ಎಂದು ಒತ್ತಾಯ ಮಾಡಬೇಕು. ಇನ್ನೊಮ್ಮೆ ಹಿಂಜರಿಯಬೇಕು, ಮತ್ತೊಮ್ಮೆ ಒತ್ತಾಯವಾಗಬೇಕು. ಆಗ, ನಿಮ್ಮ ಮಾತು ಮೀರಲಾರೆ ಎಂದು ತಲೆಬಾಗಬೇಕು. ಸಿದ್ಧಾರೂಢ ತಲೆ ತಗ್ಗಿಸಿಕೊಂಡೇ ಕಾಯುತ್ತಿದ್ದರು. ನಾನೂ ಕಾದೆ.

ಕಾರಿನ್, "ಥ್ಯಾಂಕ್ಸ್ ಸಿದ್, ನೇರವಾಗಿ ಹೇಳಿದ್ದು ಒಳ್ಳೆಯದಾಯಿತು" ಅಂದಳು. ಇದು ಕಾರಣಸಹಿತ ಆಕ್ಷೇಪ, ಅದನ್ನು ಗೌರವಿಸೋಣ ಎಂದು ಸುತ್ತಲೂ ನೋಡಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಹನ್ನೆಕೆಯ ಹೆಸರನ್ನು ಮುಂದಿಟ್ಟಳು.

ಸಿದ್ಧಾರೂಢರ ಮುಖದ ಮೇಲೆ ಆ ನಗು ಹಾಗೆಯೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಸುತ್ತು ನನ್ನ ಬಳಿ ಬಂದಾಗ, ಸಿದ್‌ಗೆ ಇನ್ನೊಮ್ಮೆ ಕೇಳಬಾರದೇ ಅಂದೆ. ಅವನು ಉತ್ತರ ಕೊಟ್ಟಾಗಿದೆಯಲ್ಲ, ಮತ್ತೆ ಕೇಳಿದರೆ ಒತ್ತಡ ಹೇರಿದ ಹಾಗಾಗುತ್ತದೆ ಎಂದು ಕಾರಿನ್ ಮೆತ್ತಗೆ ತಿದ್ದಿದಳು. ಒತ್ತಡ ಹೇರಲಿ ಅಂತಲೇ ಅವರು ಕೂತಿರುವುದು ತಾಯಿ, ಅನ್ನಬೇಕೆನಿಸಿತು. ಸಿದ್ಧಾರೂಢರ ಕಡೆ ನೋಡಿದೆ. ಅವರು ಏನೂ ಹೇಳಬೇಡಿ ಅನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದರು. ಅವರ ಸರದಿಯಲ್ಲಿ ಅವರೂ ಆಕ್ಷೇಪವಿಲ್ಲ ಅಂದರು. ಹನ್ನೆಕೆ ಒಮ್ಮೆ ಸಿದ್ ಕಡೆಗೆ ನೋಡಿ, ಸರಿ, ಮಾಡುತ್ತೇನೆ ಅಂದಳು. ಚಪ್ಪಾಳೆಯಾಯಿತು. ಇಷ್ಟು ವರ್ಷದ ಆಸೆ ಒಂದು ಕಾಫಿ ಆರುವುದರೊಳಗೆ ಮುಗಿದುಹೋಗಿತ್ತು.

ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ನಾನು ಸಿಡಿದೆ. ಎಂಥ ಮನುಷ್ಯರು ನೀವು, ಈ ಪದ್ಧತಿಯ ಮೇಲೆ ಪ್ರಬಂಧ ಬರೆದವರು, ಕಡೆಗೆ ಕೇಳುತ್ತಾರೆ ಅಂತ ಗೊತ್ತಿದ್ದವರು ಎಂದು ಬಾಯಿಗೆ ಬಂದಂತೆ ಬೈದೆ. ಅವರು ಬೈಸಿಕೊಂಡರು. ಇನ್ನೊಂದು ಸಲ ಕೇಳುತ್ತಾರೆ ಅಂದುಕೊಂಡಿದ್ದೆ, ಬಾಯಿ ತಾನಾಗಿಯೇ ಆಡಿಬಿಟ್ಟಿತು ಅಂದರು. ಮನೆಯಲ್ಲಿ ಸ್ವಪ್ನಾಳ ಕೈಗೆ ಸಿಕ್ಕಾಗ ನನ್ನ ಬೈಗುಳ ಏನೂ ಅಲ್ಲ ಅನ್ನಿಸಿರಬೇಕು. ಅವರೇನು ಬೀಗರು ಅಂತ ತಿಳಕೊಂಡಿದ್ದಿರೇನು, ತಾಂಬೂಲ ಹಿಡಿದು ಬಾಗಿಲಿಗೆ ಬರೋದಕ್ಕೆ ಎಂದು ಆಕೆ ಕೇಳಿದಳಂತೆ. ಕೇಳಿ, ಅಡುಗೆಮನೆಗೆ ಹೋಗಿ ಅತ್ತಳಂತೆ. ತನಗಾಗಿ ಒಂದು ಶಾಲೆಯನ್ನು ಬಿಟ್ಟುಬಂದ ಗಂಡನಿಗೆ ಇನ್ನೊಂದು ಶಾಲೆ ಸಿಗಲಿ ಎಂದು ಆಕೆ ಎಷ್ಟು ಹಂಬಲಿಸಿದ್ದಳೆಂದು ನನಗೆ ಗೊತ್ತು.

ಅಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಒಳ್ಳೆಯ ಮನುಷ್ಯ ಕೈಯಾರೆ ಕಳೆದುಕೊಂಡ ಕಥೆಯಾಗುತ್ತಿತ್ತು. ಆದರೆ ಶುಕ್ರವಾರ ಸಂಜೆ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಕುರ್ಚಿ ಕೊಟ್ಟರೆ ಕೂರಲಿಲ್ಲ.

ಅಂದು ಮಧ್ಯಾಹ್ನ ಹನ್ನೆಕೆ ಅವರೊಡನೆ ಮಾತಾಡಿದ್ದಳು. ಅವಳಿಗೆ ಈ ಹುದ್ದೆ ಬೇಕಿರಲಿಲ್ಲ. ಬೇಸಿಗೆಯಲ್ಲಿ ಮಗಳಿಗೆ ಮಗು ಹುಟ್ಟಿತ್ತು. ಇಲ್ಲಿನ ಅನೇಕ ಅಜ್ಜಿಯರ ಹಾಗೆ ಅವಳೂ ಗುರುವಾರ ರಜೆ ತೆಗೆದುಕೊಂಡು ಮೊಮ್ಮಗಳನ್ನು ನೋಡಿಕೊಳ್ಳುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದಳು. ಈಗ ಆಗುವುದಿಲ್ಲ ಎಂದು ಹೇಳಿಬಿಟ್ಟಳಂತೆ. ಮತ್ತೆ ಯಾಕೆ ಒಪ್ಪಿಕೊಂಡೆ ಎಂದು ಇವರು ಕೇಳಿದರೆ, ನೀನು ಹೇಳಿದೆಯಲ್ಲ ಸಿದ್, ಅದಕ್ಕೆ ಅಂದಳಂತೆ. ನಿನಗಿಂತ ನಾನು ಉತ್ತಮ ಅಂತ ನೀನೇ ಅಂದೆ. ಸುಮ್ಮಸುಮ್ಮನೆ ಮಾತಾಡುವವನಲ್ಲ ನೀನು, ಹಾಗಾದರೆ ಶಾಲೆಗೆ ನಾನು ಬೇಕೇನೋ ಅನ್ನಿಸಿತು ಅಂದಳಂತೆ.

"ನಾ ದೊಡ್ಡಸ್ತನಾ ತೋರಸಾಕ ಹೋಗಿ ಆಕಿ ತಲಿ ಮ್ಯಾಲ ಕಲ್ಲ ಇಟ್ಟೇನ್ರಿ ಅಕ್ಕಾರ" ಅಂದರು.

ನಾನು ಈ ಎರಡು ದಿನ ಇದನ್ನು ಸಿದ್ಧಾರೂಢರ ನಷ್ಟ ಅಂತಷ್ಟೇ ಲೆಕ್ಕ ಹಾಕಿದ್ದೆ. ಅವರ ವಿನಯವನ್ನು ಒಬ್ಬಳು ನಿಜವೆಂದು ನಂಬಿ, ಮೊಮ್ಮಗಳ ಗುರುವಾರವನ್ನು ಬಿಟ್ಟುಕೊಟ್ಟಿದ್ದಾಳೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಮ್ಮೂರಿನಲ್ಲಿ ಆ ಮಾತನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಅದರಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಇಲ್ಲಿ ನಂಬಿಬಿಟ್ಟಿದ್ದರು.

ಹೊಸ ಸಂಗತಿ ಗೊತ್ತಾದರೆ ತೀರ್ಮಾನವನ್ನು ಮತ್ತೆ ವೃತ್ತಕ್ಕೆ ತರಬಹುದು, ಅದೂ ಆ ಪದ್ಧತಿಯಲ್ಲೇ ಇದೆ. ಹೋಗಿ ಹೇಳಿ ಅಂದೆ. ಹೇಳುತ್ತೇನೆ, ಹನ್ನೆಕೆಯ ಮೊಮ್ಮಗಳ ವಿಷಯ ಹೇಳುತ್ತೇನೆ ಅಂದರು. ಅದನ್ನು ಹೇಳಬೇಕಾದವಳು ಹನ್ನೆಕೆ, ನೀವು ಹೇಳಬೇಕಾದದ್ದು ನಿಮ್ಮದು ಅಂದೆ. ಆಗ ಅವರು ಗೋಡೆಗೆ ಒರಗಿದರು.

"ನನಗ ಬೇಕು ಅಂತ ನಾನಽ ಬಾಯಿ ಬಿಟ್ಟು ಹೆಂಗ ಹೇಳ್ಲಿ? ಮಂದಿ ಏನಂತಾರ?"

"ಯಾವ ಮಂದಿ ಮೇಷ್ಟ್ರೇ? ಮುಧೋಳದೋರು ಯಾರೂ ಆ ರೂಮಲ್ಲಿ ಕೂತಿರಲ್ಲ" ಅಂದೆ.

ಅವರು ಸೈಕಲ್ ಹತ್ತಿ ಹೋದರು. ಆ ರಾಶಿ ಪುಸ್ತಕಗಳಲ್ಲಿ ಅಧಿಕಾರವನ್ನು ಹೇಗೆ ಹಂಚಬೇಕು, ಹೇಗೆ ಬಳಸಬೇಕು, ಹೇಗೆ ಬಿಡಬೇಕು ಎಲ್ಲವೂ ಇತ್ತು. ಅದು ಬೇಕು ಎಂದು ಹೇಗೆ ಕೇಳಬೇಕು ಅನ್ನುವುದು ಇತ್ತೋ ಇಲ್ಲವೋ, ಇದ್ದರೂ ಆ ಪುಟ ಅವರು ಓದಿದಂತಿರಲಿಲ್ಲ.

ಮುಂದಿನ ಬುಧವಾರ ಮತ್ತೆ ವೃತ್ತ ಸೇರಿತು. ಕರೆಸಿದವರು ಸಿದ್ಧಾರೂಢರೇ. ಕೋಟು ಕೂಡ ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತು, ಡಚ್ಚಿನಲ್ಲಿ, ಓದಿಕೊಂಡು ಬಂದವರ ಹಾಗೆ ಹೇಳಿದರು. ಕಳೆದ ವಾರ ನಾನು ಕೊಟ್ಟ ಕಾರಣ ನಿಜವಲ್ಲ. ಹನ್ನೆಕೆ ನನಗಿಂತ ಉತ್ತಮ ಎಂದು ನಾನು ಯೋಚಿಸಿ ಹೇಳಿದ್ದಲ್ಲ. ಈ ಕೆಲಸ ನನ್ನಿಂದ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನೀವು ಮತ್ತೆ ಕೇಳುತ್ತೀರಿ ಎಂದು ಬೇಡ ಅಂದೆ.

ಒಬ್ಬಳು, ಹಾಗಾದರೆ ಬೇಕಿತ್ತೇ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಹನ್ನೆಕೆ ನೆಲ ನೋಡುತ್ತಿದ್ದಳು. ಕಾರಿನ್ ಅವಳನ್ನು ಮಾತಾಡಿಸಿದಾಗ, ಸಿದ್ ಮಾಡುವುದಾದರೆ ನಾನು ಬಿಡುತ್ತೇನೆ ಎಂದಷ್ಟೇ ಅಂದಳು. ಮತ್ತೆ ಸಿದ್ ಹೆಸರು ಮುಂದಿಟ್ಟರು, ಮತ್ತೆ ಸುತ್ತು ಶುರುವಾಯಿತು. ಆಕ್ಷೇಪವಿದೆ ಅಂದವನು ಯೋರಿಸ್.

ಹೋದ ವಾರ ಎಲ್ಲರಿಗಿಂತ ಮೊದಲು ಇವರ ಹೆಸರು ಹೇಳಿದ ಹುಡುಗ. ಅವನು ಇವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ:

"ನಾಳೆ ನೀನು ನನ್ನ ಮುಖ್ಯಸ್ಥ. ನಾನು ಏನೋ ಕೇಳ್ತೀನಿ, ನೀನು ಬೇಡ ಅಂತೀಯ. ಅದು ನಿಜವಾದ ಬೇಡವಾ, ಇಲ್ಲ ನಾನು ಇನ್ನೊಂದ್ಸಲ ಕೇಳಬೇಕಾ? ನನಗೆ ಹೇಗೆ ಗೊತ್ತಾಗಬೇಕು?"

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಕಷ್ಟಪಟ್ಟು ಬಾಯಿಬಿಟ್ಟ ಮನುಷ್ಯನಿಗೆ ಈ ಮಾತೇ? ಆದರೆ ಉರಿ ತಣ್ಣಗಾಗುವ ಮೊದಲೇ, ಇದಕ್ಕಿಂತ ಸರಿಯಾದ ಪ್ರಶ್ನೆ ಬೇರೆ ಇಲ್ಲ ಎಂದೂ ಅನ್ನಿಸಿತು. ಸಿದ್ಧಾರೂಢ, ನನ್ನ ಮುಖ ನೋಡಿದರೆ ನಿನಗೆ ತಿಳಿಯುತ್ತದೆ ಅಂದರು. ಯೋರಿಸ್ ತಲೆಯಲ್ಲಾಡಿಸಿದ. ಮುಖ ಓದುವುದು ನನ್ನಿಂದಾಗದು, ನೀನು ಹೇಳಬೇಕು ಅಂದ. ಸರಿ, ಹೇಳುತ್ತೇನೆ, ಮರೆತರೆ ನೀನು ನೆನಪಿಸು ಎಂದು ಇವರು ಅಂದಾಗ, ಅವನು ತನ್ನ ಆಕ್ಷೇಪ ಹಿಂದಕ್ಕೆ ತೆಗೆದುಕೊಂಡ. ಬೇಸಿಗೆ ರಜೆಗೆ ಮುಂಚೆ ಇದೇ ವೃತ್ತದಲ್ಲಿ ಮತ್ತೊಮ್ಮೆ ವಿಚಾರಿಸೋಣ ಎಂದು ಕಾರಿನ್ ಸೇರಿಸಿದಳು. ಸುತ್ತು ಮುಂದುವರಿದು ನನ್ನನ್ನು ದಾಟಿ, ಹನ್ನೆಕೆಯನ್ನು ದಾಟಿ, ಅವರ ಬಳಿಗೆ ಬಂತು.

ಅವರ ಕೈ ಎದೆಯ ಕಡೆಗೆ ಹೊರಟಿತ್ತು. ನಾನು ಬಾಯಲ್ಲಿ ಬೆರಳು ಕಚ್ಚಿಕೊಂಡೆ. ಕೈ ಅರ್ಧದಲ್ಲಿ ನಿಂತು ತೊಡೆಯ ಮೇಲೆ ಬಿತ್ತು. ತಲೆ ಎತ್ತಿದರು, ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ನಗುವಿರಲಿಲ್ಲ. ಆಕ್ಷೇಪವಿಲ್ಲ, ಈ ಕೆಲಸ ನನಗೆ ಬೇಕು ಅಂದರು. ಒಂದು ಶಬ್ದ ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ.

ಚಪ್ಪಾಳೆ ಮುಗಿದ ಮೇಲೆ ಹನ್ನೆಕೆ ಕೋಟು ಹಾಕಿಕೊಂಡು ಅವರ ಹತ್ತಿರ ಬಂದಳು. ಅಭಿನಂದನೆ ಹೇಳುತ್ತಾಳೆ ಅಂದುಕೊಂಡೆ. ನೀನು ನನಗೆ ಹೋದ ವಾರವೇ ಹೇಳಬೇಕಾಗಿತ್ತು ಸಿದ್, ಮಗಳು ಫೋನಿನಲ್ಲಿ ಅತ್ತಳು ಅಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದಳು. ಇವರು ಕ್ಷಮೆ ಕೇಳಿದರು. ಅವಳು ಸರಿ ಎಂದು ಭುಜ ಮುಟ್ಟಿ, ಮಗಳಿಗೆ ಫೋನು ಹಚ್ಚುತ್ತ ಹೊರಗೆ ಹೋದಳು.

ನಾವೂ ಹೊರಗೆ ಬಂದಾಗ ಮಳೆ ಹನಿಯುತ್ತಿತ್ತು. ಯೋರಿಸ್ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, ಶುಕ್ರವಾರ ಮಧ್ಯಾಹ್ನ ನಾನು ಬೇಗ ಹೋಗಬಹುದೇ, ನನ್ನ ಕೊನೆಯ ತರಗತಿಯನ್ನು ಯಾರಾದರೂ ನೋಡಿಕೊಂಡರೆ ಎಂದು ಕೇಳಿದ. ಶುಕ್ರವಾರ ಇಬ್ಬರು ಟೀಚರು ರಜೆಯಲ್ಲಿದ್ದಾರೆಂದು ನನಗೂ ಗೊತ್ತಿತ್ತು. 'ನೋಡೋಣ' ಅನ್ನುವ ಮಾತು ಸಿದ್ಧಾರೂಢರ ತುಟಿಯವರೆಗೆ ಬಂದದ್ದು ಕಾಣಿಸಿತು. ನಮ್ಮ ಕಡೆ ಇಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಅವರು ಅದನ್ನು ನುಂಗಿಕೊಂಡರು.

"ಇಲ್ಲ, ಯೋರಿಸ್" ಅಂದರು.

ಅವನು ಸರಿ ಎಂದು ಕೈಬೀಸಿ, ಸೈಕಲ್ ಹತ್ತಿ, ಸೀಟಿ ಹಾಕುತ್ತ ತಿರುವಿನಲ್ಲಿ ಮರೆಯಾದ. ಸಿದ್ಧಾರೂಢ ಮಳೆಯಲ್ಲೇ ನಿಂತು ಅವನು ಹೋದ ದಾರಿ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅವನಿಗೆ ಬೇಜಾರಾಯಿತೇನೋ ಅಲ್ಲವೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಇಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ.